ಫೋನಿನ ಈ ಕಡೆ ಯಾರಿದ್ದಾರೆ? ದೂರದಿಂದ ಸಿಗುವ ಮನೋಚಿಕಿತ್ಸೆಯ ಬಗ್ಗೆ

ನೀವು ಹೈದರಾಬಾದಿನಲ್ಲೋ ಪುಣೆಯಲ್ಲೋ ಮುಂಬೈಯಲ್ಲೋ ಕೆಲಸದಲ್ಲಿದ್ದೀರಿ. ಊರಿಂದ ತಮ್ಮನ ಫೋನ್ ಬರುತ್ತದೆ. "ಅಮ್ಮಿ ಸರಿಯಾಗಿ ಉಣ್ತಾ ಇಲ್ಲ, ರಾತ್ರಿ ಎದ್ದು ಕೂತು ಒಬ್ಬರೇ ಅಳ್ತಾರೆ, ಕೇಳಿದ್ರೆ ಏನಿಲ್ಲ ಅಂತಾರೆ." ನೀವು ಏನು ಹೇಳುತ್ತೀರಿ? ಮೊದಲು ನಜರ್ ಇರಬೇಕು, ದಮ್ ಮಾಡಿಸಿ ಅನ್ನುತ್ತೀರಿ. ಒಂದು ವಾರ ಬಿಟ್ಟು, ಶಕ್ತಿ ಇಲ್ಲದಿರಬೇಕು, ಸಲೈನ್ ಹಾಕಿಸಿ ಅನ್ನುತ್ತೀರಿ. ತಿಂಗಳಾದ ಮೇಲೆ ಬಳಗದ ಹಿರಿಯರೊಬ್ಬರು ಮೆತ್ತಗೆ, "ಧಾರವಾಡಕ್ಕೆ ಒಮ್ಮೆ ತೋರಿಸ್ರಿ" ಅಂದುಬಿಡುತ್ತಾರೆ. ಅಲ್ಲಿಗೆ ಮನೆ ಸ್ತಬ್ಧ. ನಮ್ಮ ಉತ್ತರ ಕರ್ನಾಟಕದಲ್ಲಿ ಧಾರವಾಡ ಅಂದರೆ ಪೇಢಾ, ಯೂನಿವರ್ಸಿಟಿ, ಸಾಹಿತಿಗಳು. ಆದರೆ "ಧಾರವಾಡಕ್ಕೆ ಕಳಿಸಬೇಕು ನಿನ್ನ" ಅಂದರೆ ಅದು ಬೈಗುಳ. ಹೈದರಾಬಾದಿನವರಿಗೆ ಎರ್ರಗಡ್ಡ ಇದ್ದ ಹಾಗೆ. ಆಸ್ಪತ್ರೆ ಇರುವ ಊರಿನ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಜನ ನಾವು. ಆಮೇಲೆ ಆ ಆಸ್ಪತ್ರೆಗೆ ಹೋಗುವುದು ಹೇಗೆ?

ಈಗ ಬೇರೆ ಒಂದು ದಾರಿ ಬಂದಿದೆ ಅಂತ ಎಲ್ಲರೂ ಹೇಳುತ್ತಾರೆ. ಫೋನ್ ಮಾಡಿ ಸಾಕು, ವಿಡಿಯೋದಲ್ಲಿ ಡಾಕ್ಟರ್ ನೋಡುತ್ತಾರೆ, ಬಸ್ಸು ಹತ್ತಬೇಕಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಟೆಲಿಸೈಕಿಯಾಟ್ರಿ ಅನ್ನುತ್ತಾರೆ, ಅಂದರೆ ಮನೋವೈದ್ಯರು ಒಂದು ಊರಲ್ಲಿ, ರೋಗಿ ಇನ್ನೊಂದು ಊರಲ್ಲಿ. ಇದು ಒಳ್ಳೆಯ ದಾರಿಯೇ. ಆದರೆ ಎಲ್ಲಿ ಇದು ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಅಂತ ತಿಳಿಯದೆ ಹೋದರೆ ಆರು ನಿಮಿಷದ ಒಂದು ವಿಡಿಯೋ ಕಾಲ್ ಮುಗಿಸಿ "ತೋರಿಸಿದ್ದೂ ಆಯ್ತು, ಏನೂ ಆಗಲಿಲ್ಲ" ಅಂದುಕೊಂಡು ಕೂರುತ್ತೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದರ ಅಗತ್ಯ ಯಾಕೆ ಬಂತು ನೋಡೋಣ. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅದಕ್ಕಿಂತ ಗಾಬರಿ ಹುಟ್ಟಿಸುವುದು ಮುಂದಿನ ಲೆಕ್ಕ. ಕಾಯಿಲೆ ಯಾವುದು ಅನ್ನುವುದರ ಮೇಲೆ, ನೂರರಲ್ಲಿ 70ರಿಂದ 92 ಜನರವರೆಗೆ ಚಿಕಿತ್ಸೆಯೇ ಸಿಗದವರು. ಯಾಕೆ ಸಿಗುತ್ತಿಲ್ಲ ಅಂದರೆ ಡಾಕ್ಟರೇ ಇಲ್ಲ. 2019ರ ಒಂದು ಅಂದಾಜಿನ ಪ್ರಕಾರ ಇಡೀ ದೇಶಕ್ಕೆ ಸುಮಾರು 9,000 ಮನೋವೈದ್ಯರು, ಅಂದರೆ ಲಕ್ಷ ಜನಕ್ಕೆ ಒಬ್ಬರೂ ಪೂರ್ತಿ ಇಲ್ಲ, ಮುಕ್ಕಾಲು! ಆ ಮುಕ್ಕಾಲೂ ದೊಡ್ಡ ಶಹರಗಳಲ್ಲೇ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ದಿನಗೂಲಿಯವನು ತಾಯಿಯನ್ನು ಕರೆದುಕೊಂಡು ಹೋಗಿ ಬರಬೇಕೆಂದರೆ ಮೂರು ದಿನದ ಪಗಾರ ಹೋಯಿತು, ಟಿಕೆಟ್ ಬೇರೆ. ಒಮ್ಮೆ ಹೋಗಿ ಬರಬಹುದು. ಆದರೆ ಮಾನಸಿಕ ಕಾಯಿಲೆಗೆ ಒಮ್ಮೆ ಹೋದರೆ ಸಾಲದು, ತಿಂಗಳು ತಿಂಗಳು ತೋರಿಸಬೇಕು. ಎರಡನೇ ಸಲ ಹೋಗದೇ ಇರುವುದರಿಂದಲೇ ಮೊದಲನೇ ಸಲ ಹೋದದ್ದೂ ದಂಡವಾಗುತ್ತದೆ.

ಈ ಕಷ್ಟವನ್ನು ಬಿಡಿಸಿದ ಒಂದು ಕೆಲಸ ನಮ್ಮ ಪಕ್ಕದ ತಮಿಳುನಾಡಿನಲ್ಲಿ ಆಗಿದೆ. ಚೆನ್ನೈಯಲ್ಲಿರುವ ಓದುಗರಿಗೆ ಸ್ಕಾರ್ಫ್ ಎಂಬ ಸಂಸ್ಥೆಯ ಹೆಸರು ಗೊತ್ತಿರಬಹುದು. ಮನೋವೈದ್ಯೆ ಡಾ. ಶಾರದಾ ಮೆನನ್ ಅವರು 1984ರಲ್ಲಿ ಕಟ್ಟಿದ್ದು, ಸ್ಕಿಜೋಫ್ರೇನಿಯಾ ಕಾಯಿಲೆಯವರಿಗಾಗಿ. 2004ರ ಸುನಾಮಿ ಆದ ಮೇಲೆ ಕರಾವಳಿಯ ಜನರಿಗೆ ದೂರದಿಂದ ಸಲಹೆ ಕೊಡಲು ಇವರು ವಿಡಿಯೋ ಬಳಸಲು ಶುರು ಮಾಡಿದರು. ಆಮೇಲೆ 2010ರಲ್ಲಿ ಪುದುಕ್ಕೋಟ್ಟೈ ಜಿಲ್ಲೆಗೆ ಹೋದರು. ಮಳೆ ನಂಬಿದ ಬೇಸಾಯದ ಬಡ ಜಿಲ್ಲೆ, ಚೆನ್ನೈಯಿಂದ ರಾತ್ರಿಯಿಡೀ ಪ್ರಯಾಣ.

ಅಲ್ಲಿ ಅವರು ಮಾಡಿದ್ದೇನೆಂದರೆ, ಒಂದು ಬಸ್ಸನ್ನು ಆಸ್ಪತ್ರೆ ಮಾಡಿದರು. ಬಸ್ಸಿನ ಒಳಗೆ ಒಂದು ಕಡೆ ಸಣ್ಣ ಕೋಣೆ, ಅದರಲ್ಲಿ ಪರದೆ ಮತ್ತು ಕ್ಯಾಮೆರಾ. ಇನ್ನೊಂದು ಕಡೆ ಔಷಧಿಯ ಕಪಾಟು. ಬಸ್ಸು ಹಳ್ಳಿ ಹಳ್ಳಿಗೆ ಹೋಗಿ ನಿಲ್ಲುತ್ತದೆ. ರೋಗಿ ಒಳಗೆ ಹೋಗಿ ಕೂರುತ್ತಾರೆ, ಚೆನ್ನೈಯಿಂದ ಮನೋವೈದ್ಯರು ಮಾತಾಡುತ್ತಾರೆ, ಮುಗಿದ ಕೂಡಲೇ ಅದೇ ಬಸ್ಸಿನಲ್ಲಿ ಮಾತ್ರೆ ಕೈಗೆ ಬರುತ್ತದೆ, ಉಚಿತವಾಗಿ. ಕೇಳಲು ಬಸ್ಸು ಮತ್ತು ಪರದೆಯೇ ದೊಡ್ಡದು ಅನಿಸುತ್ತದೆ. ಪತ್ರಿಕೆಯವರು ಫೋಟೋ ತೆಗೆಯುವುದೂ ಅದನ್ನೇ. ಆದರೆ ನನ್ನ ಲೆಕ್ಕದಲ್ಲಿ ಅಲ್ಲಿಯ ನಿಜವಾದ ಕೆಲಸ ಮಾಡಿದವರು ಬೇರೆ. ಅದೇ ಸೀಮೆಯಿಂದ ಆರಿಸಿ ತರಬೇತಿ ಕೊಟ್ಟ ಕಾರ್ಯಕರ್ತರು. ಯಾವ ಮನೆಯಲ್ಲಿ ಹುಡುಗ ಹೊರಗೇ ಬರುತ್ತಿಲ್ಲ, ಯಾವ ಮನೆಯ ಹೆಂಗಸು ತನ್ನಷ್ಟಕ್ಕೆ ಮಾತಾಡುತ್ತಾಳೆ ಅಂತ ಗೊತ್ತಿರುವುದು ಇವರಿಗೆ. ಮನೆಗೆ ಹೋಗಿ ಕೂತು ಮಾತಾಡಿ, ಬಸ್ಸು ಬರುವ ದಿನ ಹೇಳಿ, ಕರೆದುಕೊಂಡು ಬರುವವರು ಇವರು. ಮುಂದಿನ ಸಲ ಬರದಿದ್ದರೆ ಯಾಕೆ ಬರಲಿಲ್ಲ ಎಂದು ವಿಚಾರಿಸುವವರೂ ಇವರೇ. ಚೆನ್ನೈಯ ಡಾಕ್ಟರಿಗೆ ಕಣ್ಣು, ಕಿವಿ, ಕೈ ಎಲ್ಲ ಇವರೇ ಆಗಿದ್ದರು. ಇವರನ್ನು ತೆಗೆದುಹಾಕಿದರೆ ಉಳಿಯುವುದು ಟಿವಿ ಇರುವ ಒಂದು ಬಸ್ಸು.

ಇದು ಹೊಸ ಪಾಠವೂ ಅಲ್ಲ, ಮತ್ತು ಈ ಪಾಠ ಕಲಿತದ್ದು ನಮ್ಮ ಬಳ್ಳಾರಿಯಲ್ಲೇ. ಮೊಬೈಲು ಇಲ್ಲದ ಕಾಲದಲ್ಲಿ, 1985ರಿಂದ 1990ರವರೆಗೆ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸು, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಸಾಮಾನ್ಯ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಅಲ್ಲೇ ಗುರುತಿಸಿ ಅಲ್ಲೇ ಮಾತ್ರೆ ಕೊಡಬಹುದೇ ಎಂದು ನೋಡಿದರು. ಕೊಡಬಹುದು ಅಂತಾಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ದೇಶಕ್ಕೆಲ್ಲ 'ಬಳ್ಳಾರಿ ಮಾದರಿ' ಎಂದೇ ಅದರ ಹೆಸರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಬಳ್ಳಾರಿ ಅಂದರೆ ಗಣಿ ಅಂತ ಮಾತ್ರ ನೆನಪಾಗುತ್ತದೆ. ಇವತ್ತು ನಿಮ್ಹಾನ್ಸ್‌ನ ಮನೋವೈದ್ಯರು ಬೆಂಗಳೂರಿನಲ್ಲಿ ಕೂತು ಹಳ್ಳಿಯ ಡಾಕ್ಟರರಿಗೆ ವಿಡಿಯೋದಲ್ಲೇ ತರಬೇತಿ ಕೊಡುತ್ತಾರೆ. ಹಳ್ಳಿ ಡಾಕ್ಟರು ತಮ್ಮ ಎಂದಿನ ರೋಗಿಗಳನ್ನು ನೋಡುತ್ತಿರುವಾಗಲೇ ಆ ಕಡೆಯಿಂದ ಇವರು ಜೊತೆಗಿರುತ್ತಾರೆ. ತಲೆನೋವು, ಎದೆ ಉರಿ ಅಂತ ಬಂದವರಲ್ಲಿ ಯಾರಿಗೆ ಒಳಗೆ ಬೇರೇನೋ ಇದೆ ಎಂದು ಹಿಡಿಯುವುದನ್ನು ಕಲಿಸುತ್ತಾರೆ. ರೋಗಿಯನ್ನು ಪರದೆಯ ಮುಂದೆ ಕೂರಿಸುವುದಕ್ಕಿಂತ ಡಾಕ್ಟರನ್ನು ಕೂರಿಸುವುದು ಒಳ್ಳೆಯದು ಅಂತ ನನಗೂ ಅನಿಸುತ್ತದೆ. ಒಬ್ಬ ರೋಗಿಗೆ ಹೇಳಿದ್ದು ಒಬ್ಬನಿಗೆ ಆಯಿತು. ಒಬ್ಬ ಡಾಕ್ಟರಿಗೆ ಕಲಿಸಿದ್ದು ಆ ಹೋಬಳಿಗೆಲ್ಲ ಆಯಿತು. ಮಾಸ್ತರಿಕೆ ಮಾಡುವವಳ ಲೆಕ್ಕ ಇದು, ಬೇಕಾದರೆ ಬಿಡಿ.

ಈಗ ನಿಮಗೂ ನನಗೂ ನೇರವಾಗಿ ಸಿಗುವ ಸೌಲಭ್ಯಕ್ಕೆ ಬರುತ್ತೇನೆ. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ, ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಅದೇ ವರ್ಷ ಮನೋವೈದ್ಯರಿಗಾಗಿಯೇ ಬೇರೆ ಮಾರ್ಗಸೂಚಿಯೂ ಬಂತು. ಆಮೇಲೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಎಂಬ ಸಹಾಯವಾಣಿ ಶುರುವಾಯಿತು. ನಂಬರ್ 14416. ಅದು ಹೋಗದಿದ್ದರೆ 1800-89-14416. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಖರ್ಚಿಲ್ಲ. ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಾಂತ್ರಿಕ ಕೆಲಸ ಬೆಂಗಳೂರಿನ ಐಐಐಟಿಯದ್ದು. 2024ರ ಅಕ್ಟೋಬರ್ ಹೊತ್ತಿಗೆ 14 ಲಕ್ಷಕ್ಕಿಂತ ಹೆಚ್ಚು ಕರೆಗಳು ಬಂದಿದ್ದವು.

ಫೋನ್ ಮಾಡಿದರೆ ಮೊದಲು ಯಾವ ಭಾಷೆ ಬೇಕು ಅಂತ ಕೇಳುತ್ತದೆ. ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ತುಂಬಾ ಜನರಿಗೆ ಅಷ್ಟೇ ಸಾಕಾಗುತ್ತದೆ. ಪರೀಕ್ಷೆಯ ಭಯ, ಮನೆಯ ಜಗಳ, ನಿದ್ದೆ ಇಲ್ಲದಿರುವುದು, ಇಂಥವಕ್ಕೆ ಕೇಳುವ ಕಿವಿ ಸಿಕ್ಕರೇ ಅರ್ಧ ಇಳಿಯುತ್ತದೆ. ಸಾಲದು ಅನಿಸಿದರೆ ಅವರು ಮನೋವೈದ್ಯರಿಗೆ ಕರೆ ದಾಟಿಸುತ್ತಾರೆ, ಇಲ್ಲವೇ ನಿಮ್ಮ ಜಿಲ್ಲಾ ಆಸ್ಪತ್ರೆಗೆ, ಮೆಡಿಕಲ್ ಕಾಲೇಜಿಗೆ ಹೋಗಲು ಹೇಳುತ್ತಾರೆ. ಇ-ಸಂಜೀವನಿ ಮೂಲಕ ವಿಡಿಯೋ ಸಲಹೆಗೂ ಜೋಡಿಸುತ್ತಾರೆ. ಹುಚ್ಚು ಹಿಡಿದವರು ಮಾತ್ರ ಮಾಡಬೇಕು ಅಂತಿಲ್ಲ. ರೋಗಿಯ ಬದಲು ಮನೆಯವರೂ ಮಾಡಬಹುದು. "ನನ್ನ ತಂಗಿ ಹೀಗೆ ಮಾಡ್ತಾಳೆ, ನಾನೇನು ಮಾಡ್ಲಿ" ಅಂತ ಕೇಳಲೂ ಈ ನಂಬರ್ ಇರುವುದು.

ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುವುದಾದರೆ ಕೆಲವು ನಿಯಮ ಗೊತ್ತಿರಲಿ. ಡಾಕ್ಟರು ತಮ್ಮ ಹೆಸರು, ರಿಜಿಸ್ಟ್ರೇಷನ್ ನಂಬರ್ ಹೇಳಬೇಕು. ನೀವೂ ಹೆಸರು, ವಯಸ್ಸು ಮರೆಮಾಚಬಾರದು. ಹದಿನೆಂಟು ತುಂಬದವರ ಜೊತೆ ದೊಡ್ಡವರೊಬ್ಬರು ಇರಬೇಕು. ಕೆಲವು ಔಷಧಿಗಳನ್ನು ದೂರದಿಂದ ಬರೆದುಕೊಡುವಂತಿಲ್ಲ, ಇನ್ನು ಕೆಲವನ್ನು ಮೊದಲು ಒಮ್ಮೆ ನೋಡಿದ ರೋಗಿಗೆ ಮಾತ್ರ ಮುಂದುವರಿಸಬಹುದು. ಹಾಗಾಗಿ "ನಿದ್ದೆ ಮಾತ್ರೆ ಬರೀರಿ ಡಾಕ್ಟ್ರೇ" ಅಂದಾಗ ಅವರು ಒಪ್ಪದಿದ್ದರೆ ಸಿಟ್ಟಾಗಬೇಡಿ, ಅದು ನಿಯಮ.

ಇಷ್ಟು ಓದಿ ನಿಮಗೆ ಎಲ್ಲ ಸಲೀಸು ಅನಿಸಿದ್ದರೆ ನನ್ನ ಬಳಗದ ಒಬ್ಬ ಖಾಲಾ ಅವರ ಕಥೆ ಕೇಳಿ. ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಊರು ಹೆಸರು ಮಾತ್ರ ಬೇಡ ಅಂದಿದ್ದಾರೆ. ಗಂಡ ತೀರಿಕೊಂಡು ಇದ್ದತ್‌ನಲ್ಲಿ ಕೂತಿದ್ದರು. ಆಗಲೇ ಊಟ ನಿದ್ದೆ ಬಿಟ್ಟರು. ಮೊದಲು ದುಃಖ ಅಂದುಕೊಂಡೆವು. ದುಃಖ ಇದ್ದೇ ಇರುತ್ತದೆ. ಆದರೆ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೂ ಅವರು ಕೋಣೆ ಬಿಟ್ಟು ಬರಲಿಲ್ಲ. ಮಗ ಹೈದರಾಬಾದಿನಿಂದಲೇ ಒಬ್ಬ ಖಾಸಗಿ ಡಾಕ್ಟರರ ವಿಡಿಯೋ ಟೈಮ್ ತೆಗೆದುಕೊಂಡ. ಊರಲ್ಲಿ ಫೋನ್ ಹಿಡಿದದ್ದು ಸೊಸೆ. ಕೂತದ್ದು ಪಡಸಾಲೆಯಲ್ಲಿ. ಅತ್ತ ಮೈದುನ, ಇತ್ತ ಮಕ್ಕಳು, ಬಾಗಿಲಲ್ಲಿ ಪಕ್ಕದ ಮನೆಯಾಕೆ. ಡಾಕ್ಟರು ಹಿಂದಿ ಇಂಗ್ಲಿಷ್ ಬೆರೆಸಿ ಕೇಳಿದರು. ಖಾಲಾ ಅವರ ಭಾಷೆ ನಮ್ಮ ಮನೆ ದಖನಿ, ಅರ್ಧ ಕನ್ನಡ. ನಿದ್ದೆ ಹೇಗಿದೆ ಅಂದರೆ "ಠೀಕ್ ಹೈ". ಹಸಿವು? "ಠೀಕ್ ಹೈ". ಮನಸ್ಸಿಗೆ ಏನನಿಸುತ್ತದೆ? ಖಾಲಾ ಸೊಸೆಯ ಮುಖ ನೋಡಿದರು. ಸುಮ್ಮನಾದರು. ಆಮೇಲೆ ಸೊಸೆಯೇ ಎಲ್ಲ ಹೇಳಿದಳು, ತನಗೆ ಕಂಡ ಹಾಗೆ. ಆರು ನಿಮಿಷ. ಮೂರು ಮಾತ್ರೆಯ ಚೀಟಿ ವಾಟ್ಸಾಪ್‌ಗೆ ಬಂತು. ಊರಿನ ಮೆಡಿಕಲ್‌ನಲ್ಲಿ ಒಂದೇ ಸಿಕ್ಕಿತು. ಅದನ್ನು ತಿಂದರೆ ಬಾಯಿ ಒಣಗುತ್ತದೆ, ತಲೆ ಭಾರ ಅಂತ ನಾಲ್ಕನೇ ದಿನಕ್ಕೆ ಬಿಟ್ಟರು.

ಡಾಕ್ಟರರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಕೇಳಬೇಕಾದ್ದನ್ನೇ ಕೇಳಿದರು. ಈ ಕಡೆ ಯಾರೂ ಇರಲಿಲ್ಲ, ಅದು ತಪ್ಪು. ಪಡಸಾಲೆ ತುಂಬ ಜನ ಇದ್ದರು, ಆದರೂ ಇರಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡು ವಾರ, ನಾಲ್ಕು ವಾರ ಹಿಡಿಯುತ್ತದೆ ಎಂದು ಅವರಿಗೆ ತಿಳಿಸಿ ಹೇಳುವವರಿರಲಿಲ್ಲ. ಬಾಯಿ ಒಣಗುವಂಥ ತೊಂದರೆ ಎಷ್ಟೋ ಸಲ ಮೊದಲ ದಿನಗಳಲ್ಲಿ ಇದ್ದು ಆಮೇಲೆ ಕಡಿಮೆಯಾಗುತ್ತದೆ, ಆಗದಿದ್ದರೆ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಬೇಕೇ ಹೊರತು ತಾವೇ ಬಿಡಬಾರದು ಅಂತ ಹೇಳುವವರೂ ಇರಲಿಲ್ಲ. ಇನ್ನು ಇದ್ದತ್‌ನ ಮಾತು. ಚಿಕಿತ್ಸೆಗಾಗಿ ಹೊರಗೆ ಹೋಗುವುದಕ್ಕೆ ಇದ್ದತ್ ಅಡ್ಡಿಯಲ್ಲ ಎಂದು ಆಲಿಮರೇ ಹೇಳುತ್ತಾರೆ. ನಮಗೆ ಆ ಮಾತು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಾಲ್ಕು ತಿಂಗಳು ಹಾಗೇ ಹೋಯಿತು.

ಭಾಷೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ಹೆಂಗಸರು "ನನಗೆ ಖಿನ್ನತೆ ಇದೆ" ಅನ್ನುವುದಿಲ್ಲ. ಘಬ್ರಾಹಟ್ ಆಗುತ್ತದೆ ಅನ್ನುತ್ತಾರೆ. ಎದಿ ಧಸಕ್ ಅಂತದ, ಹೊಟ್ಟಿಯೊಳಗ ಕಲಸಿದಂಗ ಆಗ್ತದ, ಕೈಕಾಲು ಉರೀತಾವ, ತಲಿ ಮ್ಯಾಲೆ ಕಲ್ಲು ಇಟ್ಟಂಗ ಅದ ಅನ್ನುತ್ತಾರೆ. ಗಾಳಿ ಸೋಕಿದೆ ಅನ್ನುತ್ತಾರೆ. ಇದನ್ನು ಕಲಬುರಗಿಯ ನರ್ಸು ಕೇಳಿದರೆ ಒಳಗಿನ ಸಂಕಟ ಅಂತ ತಿಳಿಯುತ್ತಾಳೆ. ದೂರದ ಡಾಕ್ಟರಿಗೆ ಯಾರೋ 'ಗಾಳಿ' ಎಂಬುದನ್ನು ಬರೀ ಹವೆ ಅಂತ ಅನುವಾದ ಮಾಡಿ ಹೇಳಿದರೆ ಅವರು ನೆಗಡಿಗೆ ಔಷಧಿ ಕೊಟ್ಟಾರು! ಹೊರನಾಡಿನಲ್ಲಿರುವ ಕನ್ನಡದವರಿಗೆ ಈ ತೊಂದರೆ ಇನ್ನೂ ಹೆಚ್ಚು. ಮರಾಠಿಯಲ್ಲಿ ವ್ಯಾಪಾರ ಮಾಡಬಹುದು, ತೆಲುಗಿನಲ್ಲಿ ಜಗಳವನ್ನೂ ಆಡಬಹುದು, ಆದರೆ ಅಳು ಬರುವುದು ಮನೆ ಭಾಷೆಯಲ್ಲೇ. ಹಾಗಾಗಿ ಸಹಾಯವಾಣಿಗೆ ಮಾಡಿದಾಗ ನಿಮ್ಮ ಭಾಷೆಯವರು ಇದ್ದಾರೆಯೇ ಅಂತ ನಾಚಿಕೆ ಇಲ್ಲದೆ ಕೇಳಿ. ಉರ್ದುವೋ ಕನ್ನಡವೋ, ನಿಮ್ಮ ತಾಯಿ ಯಾವ ಭಾಷೆಯಲ್ಲಿ ದುವಾ ಕೇಳುತ್ತಾರೋ ಆ ಭಾಷೆ ಆರಿಸಿ.

ಪರದೆಗೆ ಕಾಣದ ಬೇರೆ ಸಂಗತಿಗಳೂ ಇವೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಜೊಲ್ಲು ಸೋರುತ್ತದೆ. ಬಿಗಿತ ಎಷ್ಟಿದೆ ಅಂತ ತಿಳಿಯಲು ಯಾರಾದರೂ ರೋಗಿಯ ತೋಳು ಹಿಡಿದು ಮಡಚಿ ನೋಡಬೇಕು. ಮೊಬೈಲಿಗೆ ತೋಳು ಹಿಡಿಯಲು ಬರುವುದಿಲ್ಲ. ಲಿಥಿಯಂ ತಿನ್ನುವವರಿಗೆ ಆಗಾಗ ರಕ್ತದಲ್ಲಿ ಅದರ ಪ್ರಮಾಣ ನೋಡಬೇಕು, ಕ್ಲೋಜಪಿನ್ ತಿನ್ನುವವರಿಗೆ ಬಿಳಿ ರಕ್ತಕಣ ಎಣಿಸಬೇಕು. ತಾಲೂಕಿನಲ್ಲಿ ಲ್ಯಾಬ್ ಇಲ್ಲದಿದ್ದರೆ ದೂರದ ಡಾಕ್ಟರು ಎಷ್ಟೇ ಜಾಣರಾದರೂ ಕೈಕಟ್ಟಿ ಕೂರಬೇಕಾಗುತ್ತದೆ. ಥೈರಾಯ್ಡ್ ಏರುಪೇರಾದರೂ ಖಿನ್ನತೆಯ ಹಾಗೇ ಕಾಣಬಹುದು, ಅದಕ್ಕೂ ರಕ್ತಪರೀಕ್ಷೆಯೇ ಬೇಕು. ತಾಲೂಕು ಆಸ್ಪತ್ರೆಯ ನರ್ಸು, ಆಶಾ ಕಾರ್ಯಕರ್ತೆ, ಔಷಧಿಯ ದಾಸ್ತಾನು, ಇವೆಲ್ಲ ಸರಿ ಇದ್ದರೆ ಮಾತ್ರ ಈ ಪರದೆಗೆ ಬೆಲೆ. ಇವಕ್ಕೆ ದುಡ್ಡು ಹಾಕದೆ ಆಪ್ ಮಾತ್ರ ಮಾಡಿಬಿಟ್ಟರೆ ಬಡವರಿಗೆ ಡಾಕ್ಟರ್ ಬದಲು ಡಾಕ್ಟರರ ಚಿತ್ರ ಕೊಟ್ಟ ಹಾಗೆ.

ಈಗ ನಮ್ಮವರಲ್ಲಿ ಮಾತಾಡಲು ಹಿಂಜರಿಯುವ ಒಂದು ವಿಷಯ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಗುಡಿಸಿಲಿಗೆ ಬೆಂಕಿ ಬಿತ್ತು. ಒಳಗಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲು ಆಗಲಿಲ್ಲ. 28 ಜನ ಸತ್ತರು. ಅದು ದರ್ಗಾದ ಕಟ್ಟಡವಲ್ಲ, ದರ್ಗಾಕ್ಕೆ ಬರುವ ಜನರನ್ನು ನಂಬಿ ಸುತ್ತ ಹುಟ್ಟಿಕೊಂಡಿದ್ದ ಖಾಸಗಿ ಮನೆಗಳಲ್ಲಿ ಒಂದು. ಸುಪ್ರೀಂ ಕೋರ್ಟು ತಾನೇ ಮುಂದಾಗಿ ಕೇಸು ಎತ್ತಿಕೊಂಡಿತು. ಇವತ್ತು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ.

ಆ ಘಟನೆ ಆದ ಮೇಲೆ ದರ್ಗಾಗಳಿಂದ ಜನರನ್ನು ಓಡಿಸಿಬಿಡಿ ಎಂದವರೂ ಇದ್ದರು. ಆದರೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿ, ಮೀರಾ ದಾತಾರ್ ದರ್ಗಾದಲ್ಲಿ, 2008ರಲ್ಲಿ ಬೇರೆ ಹಾದಿ ಹಿಡಿದರು. ಹೆಸರು 'ದವಾ ಔರ್ ದುವಾ'. ಆಲ್ಟ್ರೂಯಿಸ್ಟ್ ಎಂಬ ಸಂಸ್ಥೆ ಸರ್ಕಾರದ ನೆರವಿನಿಂದ ದರ್ಗಾದ ಆವರಣದಲ್ಲೇ ಮನೋವೈದ್ಯರ ಕ್ಲಿನಿಕ್ ಇಟ್ಟಿತು. ಮುಜಾವರರಿಗೆ ತರಬೇತಿ ಕೊಟ್ಟರು. ಬಂದವರಿಗೆ ಮುಜಾವರರು ದುವಾ ಮಾಡುತ್ತಾರೆ, ಕಾಯಿಲೆ ಅನಿಸಿದರೆ "ಆ ಕೋಣೆಗೂ ಹೋಗಿ ಬನ್ನಿ" ಎಂದು ಕಳಿಸುತ್ತಾರೆ. ಡಾಕ್ಟರು ಹೇಳಿದ್ದರೆ ಹೋಗದವರು ಮುಜಾವರರು ಹೇಳಿದರೆ ಹೋಗುತ್ತಾರೆ. ಪುದುಕ್ಕೋಟ್ಟೈಯಲ್ಲಿ ಕಾರ್ಯಕರ್ತರು ಮಾಡಿದ್ದನ್ನೇ ಇಲ್ಲಿ ಮುಜಾವರರು ಮಾಡಿದರು. ಮುಂದೆ ಏರ್ವಾಡಿಗೂ ಈ ಕ್ರಮ ಬಂತು. ನಮ್ಮ ಮಸೀದಿಯ ಇಮಾಮ್ ಸಾಹೇಬರು, ತಾವೀಜ್ ಬರೆದುಕೊಡುವ ಹಜ್ರತ್, ಮದರಸಾದ ಆಪಾ ಇವರ ಫೋನಿನಲ್ಲಿ 14416 ಇದ್ದರೆ ಎಷ್ಟು ಮನೆಗೆ ದಾರಿ ಆದೀತು ಯೋಚಿಸಿ.

ಔಷಧಿ ಮಾಡಿದರೆ ತವಕ್ಕುಲ್ ಕಡಿಮೆಯಾಯಿತು ಅಂತ ಈಗಲೂ ಕೆಲವರು ಹೇಳುತ್ತಾರೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡುವ ಹದೀಸ್ ನಮ್ಮ ಮಕ್ಕಳಿಗೂ ಬಾಯಿಪಾಠ. ಸಾವಿರ ವರ್ಷದ ಹಿಂದೆಯೇ ಅಬೂ ಜೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹಕ್ಕೂ ಮನಸ್ಸಿಗೂ ಆರೋಗ್ಯ ಬೇಕು ಅಂತ ಒಂದೇ ಪುಸ್ತಕದಲ್ಲಿ ಎರಡನ್ನೂ ಬರೆದರು. ಭಯ, ಸಿಟ್ಟು, ದುಃಖ, ಬಿಡದೆ ಕಾಡುವ ವಸ್ವಾಸ್ ಒಂದೊಂದನ್ನೂ ಬೇರೆ ಬೇರೆ ತೆಗೆದುಕೊಂಡು ಬರೆದಿದ್ದಾರೆ. ನಾವು ಅವರ ಹೆಸರನ್ನು ಹೆಮ್ಮೆಗೆ ಹೇಳುತ್ತೇವೆ, ತಾಯಿಯನ್ನು ಮಾತ್ರ ಡಾಕ್ಟರಿಗೆ ತೋರಿಸುವುದಿಲ್ಲ.

ಕಾಲೇಜಿನ ಮಕ್ಕಳಿಗೆ ಒಂದು ಮಾತು. ಹಾಸ್ಟೆಲಿನಲ್ಲಿ ಜೊತೆಯವನು "ಇನ್ನು ಸಾಕಾಯ್ತು" ಅಂದರೆ ನಗಬೇಡಿ, ಉಪದೇಶವನ್ನೂ ಮಾಡಬೇಡಿ. ಸಾಯಬೇಕು ಅನಿಸ್ತಿದೆಯಾ ಅಂತ ನೇರ ಕೇಳಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಪಕ್ಕದಲ್ಲಿ ಕೂತು 14416ಕ್ಕೆ ನೀವೇ ಹಚ್ಚಿ ಕೊಡಿ. ಏನಾದರೂ ಮಾಡಿಕೊಂಡೇಬಿಟ್ಟಿದ್ದರೆ ಫೋನ್ ಸಲಹೆಯ ಹೊತ್ತಲ್ಲ ಅದು, 112ಕ್ಕೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕೇಸಿನ ಹೆದರಿಕೆಗೆ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆಯಲ್ಲ ಆರೈಕೆ ಕೊಡಬೇಕು ಅಂತ 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ಖಾಲಾ ಅವರದ್ದು ಮುಂದೇನಾಯಿತು ಅಂತ ನೀವು ಕೇಳಬಹುದು. ಎರಡನೇ ಸಲ ಮಗ ಒಂದು ವಾರ ರಜೆ ಹಾಕಿ ಊರಿಗೆ ಬಂದ. ಆಶಾ ಕಾರ್ಯಕರ್ತೆ ಖಾಲಾ ಅವರಿಗೆ ಗುರುತಿನ ಹೆಂಗಸು, ಮಗನ ಜೊತೆ ಓದಿದವಳು. ಅವಳನ್ನು ಮೊದಲೇ ಕಂಡು ಮಾತಾಡಿದ. ಹಿಂದಿನ ಚೀಟಿ, ತಿಂದ ಮಾತ್ರೆ, ಬಿಟ್ಟ ಮಾತ್ರೆ, ಬಿಪಿಗೆ ಮೊದಲಿಂದ ತಿನ್ನುತ್ತಿದ್ದುದು, ಎಲ್ಲ ಒಂದು ಹಾಳೆಯಲ್ಲಿ ಬರೆದರು. ಮಧ್ಯಾಹ್ನ ಜುಹರ್ ನಮಾಜ್ ಮುಗಿದ ಮೇಲೆ ಗಂಡಸರು ಹೊಲಕ್ಕೆ ಹೋಗಿರುತ್ತಾರೆ, ಮಕ್ಕಳು ಶಾಲೆಯಲ್ಲಿ. ಆ ಹೊತ್ತು ನೋಡಿ ಕರೆ ಹಚ್ಚಿದರು. ಆ ಕಡೆ ಕನ್ನಡ ಮಾತಾಡುವ ಹೆಣ್ಣುಮಗಳು ಸಿಕ್ಕಳು. ಸೊಸೆ ತಾನಾಗಿಯೇ ನೀರು ತುಂಬಲು ಹೋದಳು, ಮಗ ಅಂಗಳಕ್ಕೆ ಬಂದು ಕೂತ. ಒಳಗೆ ಖಾಲಾ, ಪಕ್ಕದಲ್ಲಿ ಆಶಾ ಕಾರ್ಯಕರ್ತೆ. ಮೊದಲ ಹತ್ತು ನಿಮಿಷ ಅವರು ಗಂಡನ ಬಗ್ಗೆ ಏನೂ ಹೇಳಲಿಲ್ಲವಂತೆ, ಮೊಣಕಾಲು ನೋವಿನ ಬಗ್ಗೆಯೇ ಹೇಳಿದರಂತೆ. ಆ ಕಡೆಯವಳು ಅವಸರ ಮಾಡಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಬಾಗಿಲು ತೆಗೆದು, ಕಣ್ಣು ಒರೆಸಿಕೊಳ್ಳುತ್ತಾ, "ಚಾಯ್ ಇಡು ಬೇಟಾ, ಇವಳಿಗೂ ಕೊಡು" ಅಂದರು. ಮುಂದಿನ ವಾರ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬೇಕು ಅಂತ ಹೇಳಿದ್ದರು. ಹೋಗುವಾಗ ಜೊತೆಗೆ ಬಂದವಳು ಸೊಸೆ.